ಮಧ್ಯಯುಗದ ತುರ್ಕಿಕ್ ಕಟ್ಟಡಗಳ ಕೆತ್ತನೆಯನ್ನು ಓದುವ ಬಗೆ

ಅನಟೋಲಿಯಾದಲ್ಲಿ, ಅಂದರೆ ಇಂದಿನ ಟರ್ಕಿಯ ಏಷ್ಯಾ ಭಾಗದಲ್ಲಿ, ಸೆಲ್ಜೂಕ್ ಎಂಬ ತುರ್ಕಿಕ್ ರಾಜವಂಶದ ಕಾಲದ ಕಟ್ಟಡಗಳಲ್ಲಿ ಹೊರಗೋಡೆಗಳು ಬಹುಮಟ್ಟಿಗೆ ಸರಳವಾಗಿದ್ದು, ಕೆತ್ತನೆಯೆಲ್ಲ ಪ್ರವೇಶದ್ವಾರದ ಸುತ್ತ ಕಿಕ್ಕಿರಿದಿರುವುದರಿಂದ, ನೋಟವನ್ನು ಅಲ್ಲಿಂದಲೇ ಆರಂಭಿಸಬೇಕು. ಚಿತ್ರಫಲಕವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು.

ಎರ್ಜುರುಮ್ ನಗರದಲ್ಲಿರುವ, 13ನೆಯ ಶತಮಾನದ ಕೊನೆಯ ಭಾಗದ ಜೋಡಿ ಮಿನಾರಿನ ಮದರಸಾವನ್ನೇ ತೆಗೆದುಕೊಳ್ಳಿ. ದ್ವಾರದ ಪಕ್ಕದ ಫಲಕದ ಬುಡದಲ್ಲಿ ಎರಡು ಡ್ರ್ಯಾಗನ್‌ಗಳು, ಅವುಗಳ ನಡುವಿನಿಂದ ಮೇಲೇಳುವ ತಾಳೆಯಂಥ ಮರ, ತುದಿಯಲ್ಲಿ ಎರಡು ತಲೆಯ ಹದ್ದು ಕಾಣುತ್ತವೆ. ತುರ್ಕಿಕ್ ಜನರ ಹಳೆಯ ನಂಬಿಕೆಯಲ್ಲಿ ಪಾತಾಳ, ಭೂಮಿ, ಆಕಾಶಗಳನ್ನು ಒಂದು ಮಹಾವೃಕ್ಷ ಜೋಡಿಸುತ್ತದೆ. ಅದರ ನೆತ್ತಿಯ ಹದ್ದು ಆಕಾಶಲೋಕಕ್ಕೆ ಸೇರಿದ್ದು, ಬುಡದ ಡ್ರ್ಯಾಗನ್‌ಗಳನ್ನು ಸಾಮಾನ್ಯವಾಗಿ ಕಾವಲಿನ ಶಕ್ತಿಗಳೆಂದು ಅರ್ಥೈಸುತ್ತಾರೆ. ಅದೇ ನಗರದ 1310ರ ಯಾಕುತಿಯೆ ಮದರಸಾದಲ್ಲಿ ಮರದ ಬುಡಕ್ಕೆ ಸಿಂಹಗಳು ಬಂದಿವೆ. ಹೀಗೆ ಬದಲಾದ ಒಂದು ಅಂಗವನ್ನು ಗುರುತಿಸುವುದೇ ಓದಿನ ನಿಜವಾದ ಸ್ವಾರಸ್ಯ.

ಎರಡು ತಲೆಯ ಹದ್ದನ್ನು ಕಂಡೊಡನೆ ಗಂಡಭೇರುಂಡ ನೆನಪಾಗುವುದು ಸಹಜ, ಆದರೆ ಆ ಕಥೆಯನ್ನು ಇಲ್ಲಿಗೆ ಹೊರಿಸಬಾರದು. ಸೆಲ್ಜೂಕ್ ಸುಲ್ತಾನರ ಕುಬಾದಾಬಾದ್ ಅರಮನೆಯ ಗೋಡೆಯ ಹೆಂಚುಗಳಲ್ಲಿ ಇದೇ ಹಕ್ಕಿಯ ಎದೆಯ ಮೇಲೆ ‘ಸುಲ್ತಾನ್’ ಎಂದು ಬರೆದಿರುವುದರಿಂದ, ಅದು ಪುರಾಣದ ಜೊತೆಗೆ ಅರಸೊತ್ತಿಗೆಯ ಗುರುತೂ ಆಗಿತ್ತೆಂದು ತಿಳಿಯುತ್ತದೆ. ಆದ್ದರಿಂದ ಅರ್ಥವನ್ನು ನಿರ್ಧರಿಸುವ ಮೊದಲು ಕಟ್ಟಡದ ಉದ್ದೇಶವನ್ನೂ ಹತ್ತಿರದ ಶಾಸನವನ್ನೂ ನೋಡಬೇಕು. ನಕ್ಷತ್ರಾಕಾರದ ಹೆಣಿಗೆಗಳ ವಿಷಯದಲ್ಲಂತೂ ಪ್ರತಿ ಗೆರೆಗೂ ದೇವತೆಯನ್ನು ಹುಡುಕುವ ಅಗತ್ಯವಿಲ್ಲ. ಅವುಗಳಲ್ಲಿ ಹಲವು ಕೇವಲ ಜ್ಯಾಮಿತಿಯ ಕೌಶಲವಾಗಿರಬಹುದು.