ಹಳೆ ಹಾಡಿನ ತುಣುಕು ಹೊಸ ಟ್ರ್ಯಾಕಿಗೆ: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಜಾತ್ರೆಗೊಂದು ಡಿಜೆ ಟ್ರ್ಯಾಕ್ ಕೂಡಿಸುವಾಗ ಕಲಬುರಗಿ, ಯಾದಗಿರಿ ಕಡೆ ಕೇಳಿಬರುವ ಮಾತು: "ಬರೇ ಐದು ಸೆಕೆಂಡ್ ತಗೊಂಡೀವ್ರಿ, ಏನಾಗ್ತದ?" ಇಷ್ಟು ಸೆಕೆಂಡಿನವರೆಗೆ ಮಾಫಿ ಎಂಬ ಲೆಕ್ಕ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ತುಣುಕು ಎಷ್ಟು ಉದ್ದ ಎಂಬುದಕ್ಕಿಂತ ಆ ಹಾಡಿನಲ್ಲಿ ಅದಕ್ಕೆಷ್ಟು ತೂಕ ಎಂಬುದೇ ಮುಖ್ಯ. ಊರೆಲ್ಲ ಗುನುಗುವ ಪಲ್ಲವಿಯ ಮೊದಲ ಸಾಲನ್ನೇ ಕತ್ತರಿಸಿಕೊಂಡಿದ್ದರೆ ಐದು ಸೆಕೆಂಡೂ ಭಾರವೇ.

ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಳ್ಳಿ: ಸಾಹಿತ್ಯ ಯಾರದು, ದಾಟಿ ಯಾರದು, ಧ್ವನಿಮುದ್ರಣ ಯಾರದು. ಇವು ಮೂರು ಬೇರೆ ಬೇರೆ ಸ್ವತ್ತು, ಅವಧಿಯೂ ಬೇರೆ. ಸಾಹಿತ್ಯ ಮತ್ತು ದಾಟಿಗೆ ಕರ್ತೃ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ. ಹೀಗಾಗಿ 1965ರಲ್ಲಿ ಬಂದ ರೆಕಾರ್ಡಿನ ಹಕ್ಕಿಗೆ ಕೊನೆಯ ದಿನ 2025ರ ಡಿಸೆಂಬರ್ 31. ಅಷ್ಟಕ್ಕೇ ಹಾಡು ಬಿಡುಗಡೆಯಾಯಿತು ಎಂದುಕೊಳ್ಳಬೇಡಿ. ಬೇಂದ್ರೆಯವರು ತೀರಿದ್ದು 1981ರಲ್ಲಿ, ಅವರ ಕವಿತೆಗೆ 2041ರ ಕೊನೆಯವರೆಗೆ ರಕ್ಷಣೆ ಇದೆ. ಚಿ. ಉದಯಶಂಕರ್ ಸಾಹಿತ್ಯಕ್ಕೆ 2053ರವರೆಗೆ. ಇಬ್ಬರು ಸೇರಿ ಮಾಡಿದ ಕೃತಿಗೆ ಕೊನೆಗೆ ತೀರಿದವರ ವರ್ಷವೇ ಲೆಕ್ಕ; ಸಂಗೀತ ನಿರ್ದೇಶಕರಾದ ರಾಜನ್-ನಾಗೇಂದ್ರ ಜೋಡಿಯಲ್ಲಿ ನಾಗೇಂದ್ರ 2000ದಲ್ಲಿ, ರಾಜನ್ 2020ರಲ್ಲಿ ತೀರಿದ್ದರಿಂದ ಆ ಜೋಡಿಯ ದಾಟಿಗಳು 2080ರ ಕೊನೆಯವರೆಗೆ ಮುಟ್ಟುವಂತಿಲ್ಲ.

ನಮ್ಮ ಭಾಗದವರಿಗೆ ಇದರಲ್ಲೊಂದು ಅನುಕೂಲವಿದೆ. ವಚನಗಳಿಗಾಗಲಿ, ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗಾಗಲಿ ಈಗ ಯಾರ ಹಕ್ಕೂ ಇಲ್ಲ. ತಲೆಮಾರುಗಳಿಂದ ಬಂದ ಭಜನೆಯ ದಾಟಿ, ಮೊಹರಂ ಪದದ ದಾಟಿಗೂ ಅಷ್ಟೇ. ಆದರೆ ಅದೇ ತತ್ವಪದವನ್ನು 1990ರ ಕ್ಯಾಸೆಟ್ಟಿನಿಂದ ಎತ್ತಿದರೆ ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣ ಎತ್ತಿದ ಹಾಗೆ. ವಚನಕ್ಕೆ ಇತ್ತೀಚಿನ ಸಂಗೀತಗಾರರೊಬ್ಬರು ಹೊಸದಾಗಿ ರಾಗ ಕೂಡಿಸಿದ್ದರೆ ಆ ದಾಟಿ ಅವರದು. ಹಿಂದಿನ ಮೊಹರಂನಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಆಡಿಯೋ ಕೂಡ ಬೇಡ. ಹಾಡಿದವರಿಗೆ ತಮ್ಮ ಗಾಯನದ ಮೇಲೆ 50 ವರ್ಷದ ಹಕ್ಕಿರುತ್ತದೆ.

ಮೇಳದವರನ್ನೇ ಕರೆದು ಹೊಸದಾಗಿ ರೆಕಾರ್ಡ್ ಮಾಡುವುದು ಎಲ್ಲಕ್ಕಿಂತ ಸಲೀಸು. ಒಂದು ಪುಟದ ಕನ್ನಡ ಒಪ್ಪಿಗೆ ಪತ್ರ ಸಾಕು: ಯಾವ ಪದ, ಯಾವ ದಿನ ಹಾಡಿದ್ದು, ಕತ್ತರಿಸಿ ಲೂಪ್ ಮಾಡಲು ಒಪ್ಪಿಗೆ ಇದೆಯೇ, ಎಷ್ಟು ಹಣ, ಹೆಸರು ಎಲ್ಲಿ ಹಾಕಬೇಕು. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಹಣ ಬ್ಯಾಂಕ್ ಖಾತೆಗೇ ಹಾಕಿ, ದಾಖಲೆ ಉಳಿಯುತ್ತದೆ.

ಸಿನಿಮಾ ಹಾಡೇ ಬೇಕೆಂದರೂ ಮೂಲ ಆಡಿಯೋ ಬಿಟ್ಟು ನೀವೇ ನುಡಿಸಿ ಹಾಡಿಸಿದರೆ ಧ್ವನಿಮುದ್ರಣಕ್ಕೆ ಅನುಮತಿ ಕೇಳುವುದು ತಪ್ಪುತ್ತದೆ. ಸಾಹಿತ್ಯ, ದಾಟಿಯದು ಮಾತ್ರ ಉಳಿಯುತ್ತದೆ. ನುಡಿಸುವಾಗ ತೊಡಕಾಗುವುದು ಶ್ರುತಿಯಲ್ಲಿ. ಹಳೆ ಟೇಪಿನ ವೇಗ ಏರಿಳಿದಿರುವುದರಿಂದ ಸ್ವರ ಎಷ್ಟೋ ಸಲ ಹಾರ್ಮೋನಿಯಂನ ಎರಡು ಮನೆಗಳ (ಕೀಲಿಗಳ) ನಡುವೆ, ಕರಿ ಎರಡಕ್ಕೂ ಬಿಳಿ ಮೂರಕ್ಕೂ ಮಧ್ಯೆ ನಿಂತಿರುತ್ತದೆ. ಅದಕ್ಕೆ ಹಾರ್ಮೋನಿಯಂ ಹೊಂದಿಸಲು ಹೋಗದೆ, ಹತ್ತಿರದ ಮನೆಯಲ್ಲಿ ನುಡಿಸಿ ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿಸಿ. ಗಾಯಕರ ದನಿಯನ್ನು ಎಐ ಸಾಧನದಿಂದ ಬೇರ್ಪಡಿಸಿಕೊಂಡರೆ ಹಕ್ಕು ಕಳಚುವುದಿಲ್ಲ, ಆ ದನಿ ಬಂದಿರುವುದು ಅದೇ ಧ್ವನಿಮುದ್ರಣದಿಂದ.

ಮೂಲ ತುಣುಕನ್ನೇ ಬಳಸುವುದಾದರೆ ಅದನ್ನು ಮೊದಲಿನಿಂದಲೂ ಪ್ರತ್ಯೇಕ ಟ್ರ್ಯಾಕಿನಲ್ಲಿ ಇಡಿ. ಬೀಟಿನ ಜೊತೆ ಬೆರೆಸಿ ಒಂದೇ ಫೈಲ್ ಮಾಡಿಟ್ಟು, ಆಮೇಲೆ ಅನುಮತಿ ಸಿಗದೆ ಇಡೀ ಹಾಡು ಮತ್ತೆ ಕೂಡಿಸುವ ಪಾಡು ಬೇಡ. ಕ್ಯಾಸೆಟ್ ಅಥವಾ ಎಲ್‌ಪಿಯ ಲೇಬಲ್ ನೋಡಿ ಕಂಪನಿ ಗುರುತಿಸಿ; ಸಾಹಿತ್ಯ, ದಾಟಿಯ ಹಕ್ಕು ಯಾರಲ್ಲಿದೆ ಎಂದು ಗೀತರಚನೆಕಾರರು, ಸಂಗೀತ ಸಂಯೋಜಕರ ಹಕ್ಕು ನೋಡಿಕೊಳ್ಳುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ವಿಚಾರಿಸಿ. ಪತ್ರದಲ್ಲಿ ಚಿತ್ರ, ವರ್ಷ, ಎಷ್ಟನೇ ಸೆಕೆಂಡಿನಿಂದ ಎಷ್ಟರವರೆಗೆ, ಎಷ್ಟು ಸಲ ಮರಳುತ್ತದೆ, ವೇಗ ಬದಲಿಸಿದ್ದೀರಾ, ಮೇಲೆ ಹೊಸ ಸಾಹಿತ್ಯ ಇದೆಯೇ, ಎಲ್ಲೆಲ್ಲಿ ಬಿಡುಗಡೆ ಎಂಬುದಿರಲಿ. ಜೊತೆಗೆ ಖಾಸಗಿ ಲಿಂಕಿನಲ್ಲಿ ಡೆಮೊ ಕಳಿಸಿ.

ಹಣ ಕೇಳಿದವರೆಲ್ಲ ಮಾಲೀಕರಲ್ಲ. 'ಆರಾಧನಾ' ಚಿತ್ರದ ಹಾಡಿನ ಸುಮಾರು ಒಂದು ಸೆಕೆಂಡಿನ ತುಣುಕಿಗಾಗಿ ಸರೆಗಮ ಕಂಪನಿ ಅಮೆರಿಕದಲ್ಲಿ ಅಲ್ಲಿನ ಸಂಗೀತ ನಿರ್ಮಾಪಕ ಟಿಂಬಲ್ಯಾಂಡ್ ಮೇಲೆ ದಾವೆ ಹೂಡಿತ್ತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ 1967ರ ಮೂಲ ಒಪ್ಪಂದವನ್ನೇ ಓದಿ, ಆ ಹಕ್ಕು ಕಂಪನಿಯ ಬಳಿ ಇಲ್ಲವೆಂದಿತು. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹೀಗಿರುವಾಗ, ಹಕ್ಕು ಕೈಗೆ ಬಂದ ಒಪ್ಪಂದದ ಪ್ರತಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಅನುಮತಿ ಬರಹದಲ್ಲೇ ಇರಬೇಕು, ಫೋನಿನ "ಆಯ್ತು, ಮಾಡ್ರಿ" ನಡೆಯುವುದಿಲ್ಲ. ಇಲ್ಲಿ ಅನೇಕರು ಎಡವುವುದು ಬರೆಯದೆ ಬಿಟ್ಟ ಎರಡು ಸಾಲುಗಳಲ್ಲಿ. ಅವಧಿ ನಮೂದಿಸದಿದ್ದರೆ ಕಾಯ್ದೆಯ ಪ್ರಕಾರ ಅದು ಐದೇ ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಯೂಟ್ಯೂಬಿಗೆ ಹಾಕಿದ ಹಾಡು ದುಬೈಯಲ್ಲೂ ಕೇಳುತ್ತದೆ, ಆದ್ದರಿಂದ "ಜಗತ್ತಿನಾದ್ಯಂತ" ಎಂಬ ಪದ ಬರೆಸಿಕೊಳ್ಳಿ.

ಕವರ್ ಹಾಡಿಗೆ, ಅಂದರೆ ಹಳೆ ಹಾಡನ್ನು ಹೊಸದಾಗಿ ಹಾಡಿಸಿ ಮುದ್ರಿಸುವುದಕ್ಕೆ, ಕಾಯ್ದೆಯ 31ಸಿ ಕಲಂ ಅವಕಾಶ ಕೊಡುತ್ತದಲ್ಲ ಎನ್ನುವವರಿದ್ದಾರೆ. ಅದಕ್ಕೆ ಷರತ್ತುಗಳಿವೆ: ಮೊದಲ ಧ್ವನಿಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚಿತ ನೋಟಿಸ್ ಕೊಡಬೇಕು, ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಮೊದಲೇ ಕಟ್ಟಬೇಕು, ತಾಂತ್ರಿಕ ಅಗತ್ಯ ಮೀರಿ ಸಾಹಿತ್ಯವನ್ನಾಗಲಿ ದಾಟಿಯನ್ನಾಗಲಿ ತಿದ್ದಬಾರದು. ನಡುವೆ ರ‍್ಯಾಪ್ ತುರುಕಿದ ಡಿಜೆ ರೀಮಿಕ್ಸಿಗೆ ಇದು ಹೊಂದುವುದೇ ಇಲ್ಲ.

ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ (ಹಾಡನ್ನು ತಾನೇ ಗುರುತಿಸುವ ಯಂತ್ರ) ಹಾಕುವ ಕ್ಲೇಮ್ ಬೇರೆ, ಹಕ್ಕುದಾರರ ದೂರಿನ ಮೇಲೆ ವಿಡಿಯೋ ತೆಗೆದು ಚಾನೆಲ್ಲಿಗೆ ಕೊಡುವ ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಇಲ್ಲವೇ ವಿಡಿಯೋ ಕಾಣದಂತಾಗುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋದೀತು. ನೀವೇ ರೆಕಾರ್ಡ್ ಮಾಡಿದ ತತ್ವಪದಕ್ಕೂ ಕ್ಲೇಮ್ ಬರಬಹುದು, ಏಕೆಂದರೆ ಯಂತ್ರಕ್ಕೆ ದಾಟಿ ಗೊತ್ತಾಗುತ್ತದೆಯೇ ಹೊರತು ಹಳೆಯದು ಯಾವುದು ಎಂದು ಗೊತ್ತಾಗುವುದಿಲ್ಲ. ಆಗ ಐದು ದಿನದೊಳಗೆ ತಕರಾರು ಸಲ್ಲಿಸಿದರೆ ಮೊದಲ ದಿನದಿಂದಲೇ ಹಣವನ್ನು ತಡೆಹಿಡಿಯುತ್ತಾರೆ. ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ. ಮೇಳದವರ ಒಪ್ಪಿಗೆ ಪತ್ರ, ರೆಕಾರ್ಡಿಂಗಿನ ಮೂಲ ಫೈಲುಗಳು ತಾರೀಖು ಸಮೇತ ಒಂದೇ ಫೋಲ್ಡರಿನಲ್ಲಿರಲಿ, ತಕರಾರು ಬರೆಯುವಾಗ ಅವನ್ನೇ ತೆರೆದುಕೊಂಡು ಕೂರಬೇಕಾಗುತ್ತದೆ.