ಐರಿಷ್ ಜಿಗ್: ಕಲಿತು, ಕೂತು, ನುಡಿಸುವ ಬಗೆ

ಡಬ್ಲಿನ್ ನಗರದ ಸ್ಮಿತ್‌ಫೀಲ್ಡ್‌ನಲ್ಲಿ ‘ಕಾಬಲ್‌ಸ್ಟೋನ್’ ಎಂಬ ಪಬ್ ಇದೆ. 2021ರಲ್ಲಿ ಆ ಜಾಗದಲ್ಲಿ ಹೋಟೆಲ್ ಎಬ್ಬಿಸುವ ಯೋಜನೆ ಬಂದಾಗ ಜನ ವಾದ್ಯ ಹಿಡಿದು ಬೀದಿಗಿಳಿದರು. ಕೊನೆಗೆ ನಗರಾಡಳಿತ ಅನುಮತಿ ನಿರಾಕರಿಸಿತು. ಒಂದು ಪಬ್ಬಿಗಾಗಿ ಇಷ್ಟೆಲ್ಲ ಏಕೆಂದರೆ, ಅದರ ಒಂದು ಮೂಲೆಯಲ್ಲಿ ಸಂಜೆ ಸಂಜೆ ನಡೆಯುವ ‘ಸೆಷನ್’ಗಾಗಿ. ಪಿಟೀಲು, ಟಿನ್ ವಿಸಿಲ್ ಎಂಬ ತಗಡಿನ ಪುಟ್ಟ ಕೊಳಲು, ಮರದ ಕೊಳಲು, ಕನ್ಸರ್ಟಿನಾ ಎಂಬ ಕೈಯ ತಿದಿವಾದ್ಯ, ಬ್ಯಾಂಜೊ ಹಿಡಿದವರು ಒಂದು ಮೇಜಿನ ಸುತ್ತ ಕೂರುತ್ತಾರೆ. ವೇದಿಕೆ ಇರುವುದಿಲ್ಲ. ಕೇಳುವವರಿಗೆ ಬೆನ್ನು ಕಂಡರೂ ಯಾರೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಅವರು ನುಡಿಸುತ್ತಿರುವುದು ಒಬ್ಬರಿಗೊಬ್ಬರು.

ಐರ್ಲೆಂಡಿಗೆ ಓದಲೆಂದೋ ಕೆಲಸಕ್ಕೆಂದೋ ಹೋದ, ಕರ್ನಾಟಕ ಸಂಗೀತವನ್ನು ಒಂದಿಷ್ಟು ಕಲಿತ ಕನ್ನಡಿಗರಿಗೆ ಆ ಮೇಜಿನಲ್ಲಿ ಜಾಗ ಸಿಗುವುದು ಕಷ್ಟವಲ್ಲ. ಸ್ವರಗಳು ವಾರದಲ್ಲಿ ಬೆರಳಿಗೆ ಬರುತ್ತವೆ. ಬಾರದೆ ಕಾಡುವುದು ನಡೆ. ಅದಕ್ಕಿಂತಲೂ ಕಾಡುವುದು, ನುಡಿಸದೆ ಸುಮ್ಮನಿರಬೇಕಾದಾಗ ಸುಮ್ಮನಿರುವುದು. ಈ ಲೇಖನದಲ್ಲಿ ಒಂದೇ ಒಂದು ಧಾಟಿಯನ್ನು ಹಿಡಿದು ಎಲ್ಲವನ್ನೂ ನೋಡೋಣ. ಹತ್ತು ಧಾಟಿ ಅರೆಬರೆ ಕಲಿತವರಿಗಿಂತ ಒಂದನ್ನು ಗಟ್ಟಿ ಕಲಿತವರನ್ನೇ ಸೆಷನ್ ಪ್ರೀತಿಸುತ್ತದೆ.

ಆಯ್ಕೆ: ಕೆಶ್ ಜಿಗ್

ಐರಿಷ್ ಕುಣಿತದ ಧಾಟಿಗಳಲ್ಲಿ ರೀಲ್, ಜಿಗ್, ಹಾರ್ನ್‌ಪೈಪ್, ಪೋಲ್ಕಾ ಎಂದು ಹಲವು ಬಗೆ. ಸೆಷನ್‌ಗಳಲ್ಲಿ ಹೆಚ್ಚು ಕೇಳುವುದು ರೀಲ್. ಆದರೆ ಹೊಸಬರು ಜಿಗ್‌ನಿಂದ ತೊಡಗುವುದು ಒಳ್ಳೆಯದು. ಧಾಟಿಯನ್ನು ‘ಬಾರು’ ಎಂಬ ಸಮ ತುಂಡುಗಳಾಗಿ ಅಳೆಯುತ್ತಾರೆ; ಜಿಗ್‌ನಲ್ಲಿ ಒಂದೊಂದು ಬಾರಿನಲ್ಲಿ ಎರಡು ಪೆಟ್ಟು, ಪೆಟ್ಟಿಗೆ ಮೂರು ಸ್ವರ, ಅಂದರೆ ನಮ್ಮ ತಿಶ್ರ ನಡೆ. ‘ಕೆಶ್ ಜಿಗ್’ ಅನ್ನು ಬಲ್ಲವರಿಲ್ಲದ ಸೆಷನ್ ಅಪರೂಪ. ಬಾತಿ ಬ್ಯಾಂಡ್ ಎಂಬ ತಂಡ 1975ರ ತನ್ನ ಮೊದಲ ಆಲ್ಬಮ್ಮನ್ನು ಆರಂಭಿಸಿದ್ದೂ ಇದರಿಂದಲೇ. ‘ಅದು ತೀರಾ ಸವೆದ ಧಾಟಿ’ ಎಂದು ಮೂಗು ಮುರಿಯುವ ಹಳಬರೂ ಇದ್ದಾರೆ. ಇರಲಿ, ಸವೆದ ದಾರಿಯಲ್ಲಿ ಹೊಸಬರು ಎಡವುವುದು ಕಡಿಮೆ.

ರಚನೆ ಸರಳ. ಎರಡು ಭಾಗ, ಒಂದೊಂದರಲ್ಲೂ ಎಂಟು ಬಾರು, ಒಂದೊಂದನ್ನೂ ಎರಡು ಸಲ ನುಡಿಸಬೇಕು. ಒಟ್ಟು 32 ಬಾರು, 64 ಪೆಟ್ಟು. ಆದಿತಾಳ ಹಾಕುತ್ತ ಕೂತರೆ ತಿಶ್ರ ನಡೆಯಲ್ಲಿ ಸರಿಯಾಗಿ ಎಂಟು ಆವರ್ತ. ಇದು ಒಂದು ಸುತ್ತು.

ವಾದ್ಯವನ್ನು ಅಣಿಮಾಡುವುದು

ಇಲ್ಲಿ ನಿಮ್ಮ ಶ್ರುತಿಯನ್ನು ನೀವು ಆರಿಸುವ ಹಾಗಿಲ್ಲ. ಕನ್ಸರ್ಟಿನಾ, ಅಕಾರ್ಡಿಯನ್‌ಗಳ ರೀಡುಗಳನ್ನು ಕೂತಲ್ಲೇ ಬದಲಿಸಲಾಗದು, ಹಾಗಾಗಿ ಎಲ್ಲರೂ ಎ=440ಕ್ಕೆ, ಅಂದರೆ ಪಾಶ್ಚಾತ್ಯ ಪದ್ಧತಿಯ ‘ಎ’ ಸ್ವರ ಸೆಕೆಂಡಿಗೆ 440 ಸಲ ಕಂಪಿಸುವ ಶ್ರುತಿಗೆ ಬರಬೇಕು. ಪಿಟೀಲಿನವರು ಸ-ಪ-ಸ-ಪ ಬಿಟ್ಟು ದಪ್ಪ ತಂತಿಯಿಂದ ಜಿ, ಡಿ, ಎ, ಇ ಎಂದು ಕೂಡಿಸಿಕೊಳ್ಳಬೇಕು. ಕೆಳಗಿನ ಶ್ರುತಿಯಲ್ಲಿ ಬಹುಕಾಲ ಇದ್ದ ತಂತಿಗಳಾದರೆ ಬಿರಡೆಯನ್ನು ಒಮ್ಮೆಲೇ ತಿರುಗಿಸಬೇಡಿ. ಹೊಸ ತಂತಿ ಹಾಕಿಬಿಡುವುದೇ ಜಾಣತನ. ಪಬ್ಬಿನ ಸ್ಟೂಲಿನ ಮೇಲೆ ಪಿಟೀಲಿನ ತುದಿಯನ್ನು ಪಾದಕ್ಕೆ ಊರಲಾಗದು. ಗದ್ದಕ್ಕೋ ಹೆಗಲಿಗೋ ಕೊಟ್ಟು ಹಿಡಿಯುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಎದೆಗೆ ಒರಗಿಸಿ ನುಡಿಸುವ ಹಳೆಯ ಐರಿಷ್ ವಾದಕರನ್ನು ಕಂಡರೆ ಧೈರ್ಯ ಬರುತ್ತದೆ.

ಕೊಳಲಿನವರು ಹತ್ತು ಹದಿನೈದು ಯೂರೋ ಕೊಟ್ಟು ಡಿ ಶ್ರುತಿಯ ಟಿನ್ ವಿಸಿಲ್ ಕೊಂಡರೆ ಸಾಕು. ನಮ್ಮ ಕೊಳಲಿನಲ್ಲಿ ಎರಡು ರಂಧ್ರ ಮುಚ್ಚಿದರೆ ಷಡ್ಜ. ಈ ಧಾಟಿಗೆ ವಿಸಿಲ್‌ನಲ್ಲಿ ಮೂರು ಮುಚ್ಚಿದಾಗ ಷಡ್ಜ. ಮೊದಲ ಎರಡು ದಿನ ಬೆರಳು ಹಳೆಯ ಚಾಳಿಗೆ ಹೋಗುತ್ತಲೇ ಇರುತ್ತದೆ, ಬೇಸರಿಸಬೇಡಿ.

ಮೊದಲು ಕಿವಿ, ಆಮೇಲೆ ಕಾಗದ

ಶಿಕಾಗೊದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓ’ನೀಲ್ 1903ರಲ್ಲಿ 1850 ಐರಿಷ್ ಧಾಟಿಗಳನ್ನು ಅಚ್ಚು ಹಾಕಿಸಿದರು. ಆ ಪುಸ್ತಕದ ಋಣ ಇಂದಿಗೂ ತೀರಿಲ್ಲ. ಆದರೂ ಸೆಷನ್‌ನಲ್ಲಿ ಯಾರ ಮುಂದೆಯೂ ಪುಸ್ತಕ ಇರುವುದಿಲ್ಲ. ಧಾಟಿಯನ್ನು ಕೇಳಿ ಕಲಿಯುವುದೇ ರೂಢಿ, ಗುರುವಿನ ಎದುರು ಕೂತು ಕಲಿತವರಿಗೆ ಇದೇನೂ ಹೊಸದಲ್ಲ. ಎರಡು ಮೂರು ಬೇರೆ ಬೇರೆ ವಾದಕರ ಧ್ವನಿಮುದ್ರಣ ಹುಡುಕಿ, ವಾದ್ಯ ಮುಟ್ಟದೆ ಕೆಲವು ದಿನ ಕೇಳಿ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ ಬಾಯಲ್ಲಿ ಗುನುಗುವಷ್ಟು ಬಂದ ಮೇಲೆಯೇ ಕೆಳಗಿನ ಸ್ವರಗಳನ್ನು ನೋಡಿ. ಜಿ ಸ್ವರವನ್ನು ಷಡ್ಜ ಎಂದುಕೊಂಡು ಬರೆದಿದ್ದೇನೆ, ಶಂಕರಾಭರಣದ ಸ್ವರಸ್ಥಾನಗಳು. ಅಲ್ಪವಿರಾಮ ಎಂದರೆ ಸ್ವರವನ್ನು ಎಳೆಯುವುದು, ಸ್ವರದ ಪಕ್ಕ ಮೇಲೆ ಪುಟ್ಟ ಗೆರೆ (') ಇದ್ದರೆ ತಾರಸ್ಥಾಯಿ, ನಿಂತ ಗೆರೆ (|) ಬಾರಿನ ಕೊನೆ.

ಮೊದಲ ಭಾಗ:
ಸ,, ಸರಿಗ | ರಿ,, ರಿಗಪ | ದಪಪ ಸ'ಪಪ | ದಪಗ ಪಗರಿ |
ಸರಿಸ ಸರಿಗ | ರಿಗರಿ ರಿಗಪ | ದಪಪ ಸ'ಪಗ | ರಿಸನಿ ಸ,, ||

ಎರಡನೆಯ ಭಾಗ:
ಗರಿಗ ಪಗಪ | ದಸ'ದ ಪಗಸ | ಗರಿಗ ಪಗಸ | ರಿಗರಿ ರಿಸರಿ |
ಗರಿಗ ಪಗಪ | ದಸ'ದ ಪಗಪ | ಸ'ನಿಸ' ರಿ'ಸ'ರಿ' | ಗ'ಸ'ಸ' ಸ',, ||

ಮೊದಲ ಭಾಗದ ಕೊನೆಯಲ್ಲಿ ಬರುವ ನಿಷಾದ ಮಂದ್ರದ್ದು. ಈ ಪಾಠದಲ್ಲಿ ಮಧ್ಯಮವೇ ಇಲ್ಲ, ನಿಷಾದ ಭಾಗಕ್ಕೊಂದು ಸಲ ಮಾತ್ರ ಇಣುಕುತ್ತದೆ. ಅದನ್ನು ತೆಗೆದರೆ ಉಳಿಯುವುದು ಮೋಹನದ ಐದು ಸ್ವರಗಳು. ನಮ್ಮ ಕಿವಿಗೆ ಧಾಟಿ ಬೇಗ ಒಗ್ಗುವುದಕ್ಕೆ ಇದೂ ಒಂದು ಕಾರಣವಿರಬೇಕು. ನಿಮ್ಮೂರಿನ ಸೆಷನ್‌ನಲ್ಲಿ ಒಂದೆರಡು ಸ್ವರ ಬೇರೆಯಾಗಿ ಕೇಳಿಸಿದರೆ ಅಲ್ಲಿಯ ಪಾಠವನ್ನೇ ನುಡಿಸಿ. ಇದು ಸರಿ, ಅದು ತಪ್ಪು ಎಂಬ ವಾದ ಬೇಡ.

ನಡೆ: ಇಲ್ಲಿಯೇ ನಿಲ್ಲಬೇಕು

ಜಿಗ್‌ನ ಲವಲವಿಕೆ ವೇಗದಿಂದ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೂರು ಸ್ವರಗಳನ್ನು ‘ತಕಿಟ ತಕಿಟ’ ಎಂದು ಸಮವಾಗಿ ಹಂಚಿ ಎಷ್ಟೇ ವೇಗವಾಗಿ ನುಡಿಸಿದರೂ ಅದು ಅಭ್ಯಾಸದ ವರಸೆಯಂತೆಯೇ ಕೇಳುತ್ತದೆ. ಯಾರ ಕಾಲೂ ಅಲುಗುವುದಿಲ್ಲ. ಐರಿಷ್ ನಡೆಯಲ್ಲಿ ಮೂರರ ಮೊದಲ ಸ್ವರ ತುಸು ಉದ್ದ, ಎರಡನೆಯದು ತುಸು ಗಿಡ್ಡ, ಮೂರನೆಯದು ಮುಂದಿನ ಪೆಟ್ಟಿಗೆ ಹಾರಲು ತಯಾರಾದಂತೆ ಇರುತ್ತದೆ. ಎಷ್ಟು ಉದ್ದ, ಎಷ್ಟು ಗಿಡ್ಡ ಎಂದು ಅಳತೆ ಕೊಡಲಾಗದು. ಊರಿಗೊಂದು, ಕೈಗೊಂದು ಹದ. ಐರ್ಲೆಂಡಿನ ಕ್ಲೇರ್ ಜಿಲ್ಲೆಯ ಪೂರ್ವಭಾಗದವರು ನಿಧಾನವಾಗಿ, ಸ್ವಲ್ಪ ವಿಷಾದ ಬೆರೆಸಿ ನುಡಿಸುತ್ತಾರೆ. ಸ್ಲೈಗೊ ಜಿಲ್ಲೆಯವರದು ಚುರುಕು, ಅಲಂಕಾರವೂ ಹೆಚ್ಚು.

ಅಭ್ಯಾಸ ಹೀಗಿರಲಿ. ಕುರ್ಚಿಯಲ್ಲಿ ಕೂತು ಪ್ರತಿ ಮೂರರ ಮೊದಲ ಸ್ವರಕ್ಕೆ ಪಾದದಿಂದ ತಟ್ಟಿ, ಬಾಯಲ್ಲಿ ಧಾಟಿಯನ್ನು ಹಾಡಿ. ಐರಿಷ್ ಜನ ‘ಡಿಡ್ಲಿ ಡಿಡ್ಲಿ’ ಎಂಬಂಥ ಅರ್ಥವಿಲ್ಲದ ಸೊಲ್ಲುಗಳಲ್ಲಿ ಹೀಗೆ ಹಾಡುತ್ತಾರೆ. ವಾದ್ಯ ಇಲ್ಲದಾಗ ಇಂಥ ಹಾಡಿಗೇ ಕುಣಿದದ್ದೂ ಉಂಟು. ಆಮೇಲೆ ಲಯ ತಟ್ಟುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 70 ಪೆಟ್ಟಿಗೆ ಇಟ್ಟು ನುಡಿಸಿ; ಒಂದು ಸುತ್ತಿಗೆ ಸುಮಾರು 55 ಸೆಕೆಂಡ್ ಹಿಡಿಯುತ್ತದೆ. ಸೆಷನ್‌ನ ವೇಗ ಸಾಮಾನ್ಯವಾಗಿ 110ರಿಂದ 120. ಆಗ ಸುತ್ತು ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. 70ರಲ್ಲಿ ಕುಣಿಸಲಾರದ ಜಿಗ್ 115ರಲ್ಲೂ ಕುಣಿಸದು, ಆದ್ದರಿಂದ ಮೇಲೇರುವ ಅವಸರ ಬೇಡ.

ಪಿಟೀಲಿನವರಿಗೆ ಒಂದು ಉಪಾಯ: ಒಂದು ಗುಂಪಿನ ಮೂರನೆಯ ಸ್ವರವನ್ನೂ ಮುಂದಿನ ಗುಂಪಿನ ಮೊದಲ ಸ್ವರವನ್ನೂ ಆಗಾಗ ಒಂದೇ ಕಮಾನಿನಲ್ಲಿ ಸೇರಿಸಿ. ಪೆಟ್ಟು ತಾನಾಗಿ ಎದ್ದು ಬರುತ್ತದೆ. ಬ್ಯಾಂಜೊದವರಿಗೆ ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ. ಎರಡು ‘ಕೆಳಗೆ’ ಒಟ್ಟಿಗೆ ಬರುವಲ್ಲಿ ಕೈ ತಡವರಿಸುತ್ತದೆ, ಪೆಟ್ಟಿಗೆ ತೂಕ ಬರುವುದೂ ಅಲ್ಲಿಯೇ.

ಗಮಕ ಬೇಡ, ಕಟ್ ಬೇಕು

ಕರ್ನಾಟಕ ಸಂಗೀತ ಕಲಿತವರಿಗೆ ಗಾಂಧಾರ ಕಂಡರೆ ಬೆರಳು ತಾನಾಗಿ ತೂಗುತ್ತದೆ. ಇಲ್ಲಿ ತೂಗಬಾರದು. ಸ್ವರ ನೇರವಾಗಿ ನಿಲ್ಲಬೇಕು. ಐರಿಷ್ ಅಲಂಕಾರದ ಮೂಲ ಎರಡು. ನುಡಿಸುತ್ತಿರುವ ಸ್ವರದ ಮೇಲಿನದನ್ನು ಕ್ಷಣಮಾತ್ರ ತಾಕಿಸಿದರೆ ‘ಕಟ್’. ಕೆಳಗಿನದನ್ನು ತಾಕಿಸಿದರೆ ‘ಟ್ಯಾಪ್’. ತಾಕಿದ ಸ್ವರ ಯಾವುದೆಂದು ಕಿವಿಗೆ ತಿಳಿಯಬಾರದು, ಪೆಟ್ಟು ಬಿದ್ದಂತೆ ಕೇಳಿಸಬೇಕು. ಜಾರು, ಕಂಪಿತಗಳಿಗೂ ಇದಕ್ಕೂ ಸಂಬಂಧವಿಲ್ಲ.

ಧಾಟಿಯ ಮೊದಲ ಬಾರಿನ ‘ಸ,,’ ನೋಡಿ. ಅಲ್ಲಿ ‘ರೋಲ್’ ಹಾಕಬಹುದು: ಷಡ್ಜ, ಕಟ್ ಮಾಡಿ ಮತ್ತೆ ಷಡ್ಜ, ಟ್ಯಾಪ್ ಮಾಡಿ ಮತ್ತೆ ಷಡ್ಜ. ಮೂರು ಸ್ವರದ ಅವಧಿಯಲ್ಲಿ ಒಂದೇ ಸ್ವರ ಮೂರು ಸಲ ಮಿಡಿಯುತ್ತದೆ. ವಿಸಿಲ್‌ನಲ್ಲಾದರೆ ಎಡಗೈಯ ಒಂದು ಬೆರಳನ್ನು ಚಕ್ಕನೆ ಎತ್ತಿ ಇಟ್ಟರೆ ಕಟ್, ಬಲಗೈ ತೋರುಬೆರಳಿನಿಂದ ನಾಲ್ಕನೆಯ ರಂಧ್ರವನ್ನು ಬಡಿದು ಬಿಟ್ಟರೆ ಟ್ಯಾಪ್. ಇನ್ನು ಐದನೆಯ ಬಾರು ನೋಡಿ. ಅದೇ ಎಳೆದ ಷಡ್ಜ ‘ಸರಿಸ’ ಎಂದು ಒಡೆದಿದೆ, ಆರನೆಯದರಲ್ಲಿ ‘ರಿ,,’ ಹೋಗಿ ‘ರಿಗರಿ’ ಬಂದಿದೆ. ಐರಿಷ್ ವಾದಕರು ಧಾಟಿಯನ್ನು ಬದಲಿಸುವುದು ಬಹುಪಾಲು ಇಷ್ಟೇ: ಎಳೆದದ್ದನ್ನು ಒಡೆಯುವುದು, ಒಡೆದದ್ದನ್ನು ಎಳೆಯುವುದು, ರೋಲ್ ಹಾಕುವುದು, ಮುಂದಿನ ಸುತ್ತಿನಲ್ಲಿ ಬಿಡುವುದು. ಕಲ್ಪನಾಸ್ವರದ ಹುಮ್ಮಸ್ಸನ್ನು ಮನೆಯಲ್ಲಿಟ್ಟು ಬನ್ನಿ. ಹತ್ತು ಜನ ಒಂದೇ ಸಾಲನ್ನು ನುಡಿಸುವಾಗ ನೀವೊಬ್ಬರು ಬೇರೆ ದಾರಿ ಹಿಡಿದರೆ ಉಳಿದವರ ತಾಳ್ಮೆ ಬೇಗ ತೀರುತ್ತದೆ.

ಮೇಜಿನ ಬಳಿ

ಪಬ್ಬಿನಲ್ಲಿ ಹೀಗೆ ಕೂತು ನುಡಿಸುವುದು ತೀರಾ ಹಳೆಯ ಪದ್ಧತಿಯೇನಲ್ಲ. ಮೊದಲು ಈ ಸಂಗೀತ ಹಳ್ಳಿಯ ಅಡುಗೆಮನೆಗಳಲ್ಲಿ, ದಾರಿ ಕೂಡುವಲ್ಲಿ ಕುಣಿತದ ಜೊತೆಗಿತ್ತು. 1935ರ ಕಾನೂನು ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಕಡ್ಡಾಯ ಮಾಡಿತು. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿಗೆ ದುಡಿಯಲು ಹೋದ ಐರಿಷರು ಅಲ್ಲಿಯ ಪಬ್ಬುಗಳಲ್ಲಿ ಕೂಡಿ ನುಡಿಸತೊಡಗಿದರು. ಐರಿಷ್ ಸಾಂಪ್ರದಾಯಿಕ ಸಂಗೀತವನ್ನು ಬೆಳೆಸಲು 1951ರಲ್ಲಿ ಹುಟ್ಟಿದ ಕೋಲ್ತಸ್ ಸಂಸ್ಥೆಯ ಉತ್ಸವಗಳೂ ಇದಕ್ಕೆ ಬಲ ಕೊಟ್ಟವು. ಹಳೆಯದಲ್ಲದಿದ್ದರೂ ಬರೆದಿಡದ ಕಟ್ಟಳೆಗಳು ಬಹಳ.

ಮೊದಲ ಸಲ ವಾದ್ಯವನ್ನು ಪೆಟ್ಟಿಗೆಯಲ್ಲೇ ಇಟ್ಟು ಕೇಳಿ. ಯಾರು ಧಾಟಿ ಎತ್ತುತ್ತಾರೆ, ವೇಗ ಎಷ್ಟು, ಹೊಸಬರೊಡನೆ ಹೇಗಿದ್ದಾರೆ ಎಂಬುದೆಲ್ಲ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಅನೇಕ ಕಡೆ ಒಬ್ಬಿಬ್ಬರಿಗೆ ಪಬ್ಬಿನವರೇ ಹಣ ಕೊಟ್ಟು ಕೂರಿಸಿರುತ್ತಾರೆ. ಸೆಷನ್ ಅವರ ಹೊಣೆ. ಅವರನ್ನು ‘ನಾನೂ ಕೂರಬಹುದೇ?’ ಎಂದು ಕೇಳಿ, ಕರೆದಲ್ಲಿ ಕೂರಿ. ಖಾಲಿ ಕಂಡ ಕುರ್ಚಿ ಯಾರೋ ಬರುವವರಿಗೆ ಇಟ್ಟದ್ದಿರಬಹುದು. ನಿಧಾನ ಸೆಷನ್ ಎಂದು ಹೊಸಬರಿಗಾಗಿಯೇ ನಡೆಸುವವೂ ಇವೆ, ಸಾಧ್ಯವಾದರೆ ಅಲ್ಲಿಂದ ತೊಡಗಿ. ಜುಲೈನಲ್ಲಿ ರಜೆ ಸಿಕ್ಕರೆ ಕ್ಲೇರ್ ಜಿಲ್ಲೆಯ ಮಿಲ್‌ಟೌನ್ ಮಾಲ್‌ಬೇಗೆ ಹೋಗಿ. 1973ರಿಂದ ಐರಿಷ್ ಪೈಪ್ ವಾದಕ ವಿಲಿ ಕ್ಲಾನ್ಸಿ ಹೆಸರಿನ ಬೇಸಿಗೆ ಶಾಲೆ ನಡೆಯುತ್ತಿರುವ ಊರದು. ಬೆಳಗ್ಗೆ ತರಗತಿ, ಆಮೇಲೆ ಊರಿನ ಪಬ್ಬುಗಳ ತುಂಬ ಸೆಷನ್.

ಗೊತ್ತಿಲ್ಲದ ಧಾಟಿ ಬಂದಾಗ ಕೈ ಕಟ್ಟಿ ಕೂರಿ. ಮೆಲ್ಲಗೆ ಸ್ವರ ಹುಡುಕಿಕೊಳ್ಳುವುದು ನಿಮಗೆ ಮಾತ್ರ ಕೇಳಿಸುತ್ತದೆ ಎಂದುಕೊಂಡಿರುತ್ತೀರಿ, ಪಕ್ಕದವರಿಗೆ ಅದು ಕಿವಿಯೊಳಗಿನ ಸೊಳ್ಳೆ. ಮೃದಂಗ, ಖಂಜಿರ ಬಲ್ಲವರಿಗೆ ಬೌರಾನ್ ಎಂಬ ಆಡಿನ ಚರ್ಮದ ತಾಳವಾದ್ಯ ಕಂಡರೆ ಕೈ ತುರಿಸುವುದು ಸಹಜ. ಆದರೆ ಒಂದು ಸೆಷನ್ನಿಗೆ ಒಂದು ಬೌರಾನ್ ಸಾಕು ಎಂಬುದು ಬಹುಜನರ ಅಭಿಪ್ರಾಯ, ನನ್ನದೂ ಅದೇ. ಒಬ್ಬರು ಬಾರಿಸುತ್ತಿದ್ದರೆ ಅವರು ನಿಲ್ಲಿಸುವವರೆಗೆ ಕಾಯಿರಿ. ಗಿಟಾರಿಗೂ ಇದೇ ಮಾತು.

ನಿಮ್ಮ ಸರದಿ

ಒಂದೆರಡು ಗಂಟೆ ಕಳೆದ ಮೇಲೆ ಯಾರಾದರೂ ‘ನೀವೊಂದು ಎತ್ತಿ’ ಎನ್ನುತ್ತಾರೆ. ಆಗ ಕೆಶ್ ಜಿಗ್ ಎತ್ತಿ. ಎತ್ತಿದವರ ವೇಗವೇ ಎಲ್ಲರ ವೇಗ. ಗಾಬರಿಯಲ್ಲಿ ಮನುಷ್ಯ ಅಭ್ಯಾಸಕ್ಕಿಂತ ಚುರುಕಾಗಿ ಹೊರಡುತ್ತಾನೆ, ಆದ್ದರಿಂದ ಮೊದಲು ಮನಸ್ಸಿನಲ್ಲೇ ಎರಡು ಬಾರು ಹಾಡಿ, ಕಾಲು ತಟ್ಟಿ, ಆಮೇಲೆ ಹೊರಡಿ. ಎರಡನೆಯ ಬಾರಿನ ಹೊತ್ತಿಗೆ ಉಳಿದವರು ಕೂಡಿಕೊಳ್ಳುತ್ತಾರೆ. ಸದ್ದು ಒಮ್ಮೆಲೇ ಏರಿದಾಗ ನಿಮ್ಮ ವಾದ್ಯ ನಿಮಗೇ ಕೇಳಿಸದಿರಬಹುದು. ಜೋರು ಮಾಡಬೇಡಿ, ಕಾಲಿನ ಪೆಟ್ಟನ್ನು ಹಿಡಿದುಕೊಳ್ಳಿ.

ಒಂದು ಧಾಟಿಯನ್ನು ಸಾಮಾನ್ಯವಾಗಿ ಮೂರು ಸುತ್ತು ನುಡಿಸಿ, ನಿಲ್ಲಿಸದೆ ಇನ್ನೊಂದು ಧಾಟಿಗೆ ಜಿಗಿಯುತ್ತಾರೆ. ಇಂಥ ಎರಡು ಮೂರು ಧಾಟಿಗಳ ಸರಣಿ ಒಂದು ‘ಸೆಟ್’. ಕೆಶ್ ಜಿಗ್ ನಂತರ ‘ಮಾರಿಸನ್ಸ್ ಜಿಗ್’ ಹಿಡಿಯುವವರು ಬಹಳ. ನಿಮಗೆ ಒಂದೇ ಧಾಟಿ ಬರುವುದಾದರೆ ಹೊರಡುವ ಮೊದಲೇ ಪಕ್ಕದವರಿಗೆ ಹೇಳಿಬಿಡಿ, ಮುಂದಿನದನ್ನು ಅವರು ಎತ್ತುತ್ತಾರೆ. ಮೂರನೆಯ ಸುತ್ತಿನ ಕೊನೆಯ ಬಾರುಗಳಲ್ಲಿ ತಲೆ ಎತ್ತಿ ಅವರನ್ನು ನೋಡಿ. ಹುಬ್ಬು ಹಾರಿಸುವುದೋ ‘ಹಪ್!’ ಎಂದು ಕೂಗುವುದೋ ಏನೋ ಒಂದು ಸಂಜ್ಞೆ ಬರುತ್ತದೆ. ಕಣ್ಣು ಮುಚ್ಚಿ ತನ್ಮಯರಾಗಿ ನುಡಿಸುವವರು ಇಲ್ಲಿಯೇ ಸಿಕ್ಕಿಬೀಳುವುದು: ಎಲ್ಲರೂ ಮುಂದಿನ ಧಾಟಿಗೆ ಹೋಗಿರುತ್ತಾರೆ, ಅವರೊಬ್ಬರೇ ನಾಲ್ಕನೆಯ ಸುತ್ತಿನಲ್ಲಿ ‘ಸ,, ಸರಿಗ’ ಎನ್ನುತ್ತಿರುತ್ತಾರೆ.

ಸೆಟ್ ಮುಗಿದ ಕೂಡಲೇ ಇನ್ನೊಂದನ್ನು ಎತ್ತಬೇಡಿ. ನಡುವೆ ಹರಟೆಗೆ ಬಿಡುವು ಬೇಕು, ಅದೂ ಸೆಷನ್ನಿನ ಭಾಗವೇ. ಮದ್ಯ ಮುಟ್ಟದವರಿಗೆ ಚಹಾ ಅಥವಾ ತಂಪು ಪಾನೀಯ ಸಿಗುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಲೋಟವನ್ನು ಮಾತ್ರ ವಾದ್ಯಗಳಿಂದ ದೂರ ಇಡಿ. ಕೇಳಿದ ಧಾಟಿ ಇಷ್ಟವಾಗಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬೇಕೆನಿಸಿದರೆ ಮೊದಲು ಒಪ್ಪಿಗೆ ಕೇಳಿ. ಅದರ ಹೆಸರನ್ನೂ ಕೇಳಿ. ಮೂವತ್ತು ವರ್ಷದಿಂದ ನುಡಿಸುತ್ತಿರುವವರೂ ಹೆಸರು ನೆನಪಿಲ್ಲ ಎಂದು ನಕ್ಕುಬಿಡಬಹುದು. ಆಗ ಮೊದಲ ಎರಡು ಬಾರಿನ ಸ್ವರಗಳನ್ನು ಬರೆದುಕೊಂಡರೆ ಸಾಕು, ಮನೆಗೆ ಹೋಗಿ ಹುಡುಕಬಹುದು.