ಇಂಪ್ಲಾಂಟ್ ಹಲ್ಲಿಗೊಂದು ಗೈಡ್: ಕೊರೆಯುವ ಮುಂಚೆ ಏನೇನು ಆಗಬೇಕು?

‘ಡಾಕ್ಟ್ರೇ, ಹಲ್ಲು ಇಷ್ಟು ಬೇಗ ಬಂತಾ?’ ಹರಿಹರದಿಂದ ಬಂದಿದ್ದ ತಾಯಿಯೊಬ್ಬರು ಟ್ರೇ ನೋಡಿ ಕೇಳಿದರು. ಅಲ್ಲಿದ್ದದ್ದು ಹಲ್ಲಲ್ಲ. ಹಲ್ಲಿನ ಸಾಲಿನ ಮೇಲೆ ಟೋಪಿಯ ಹಾಗೆ ಕೂರುವ ಪ್ಲಾಸ್ಟಿಕ್ ತುಂಡು. ಹಲ್ಲು ಬಿದ್ದ ಜಾಗದಲ್ಲಿ ಅದಕ್ಕೊಂದು ತೂತು, ತೂತಿನೊಳಗೆ ಲೋಹದ ಉಂಗುರ. ಇದನ್ನು ಸರ್ಜಿಕಲ್ ಗೈಡ್ ಅಂತ ಕರೆಯುತ್ತೇವೆ. ಇಂಪ್ಲಾಂಟ್ ಎಂದರೆ ಬಿದ್ದ ಹಲ್ಲಿನ ಬೇರಿನ ಬದಲು ದವಡೆಯ ಎಲುಬನ್ನು ಕೊರೆದು ಕೂರಿಸುವ ಸ್ಕ್ರೂ, ಅದರ ಮೇಲೆ ಹೊಸ ಹಲ್ಲು ಬರುತ್ತದೆ. ಡ್ರಿಲ್ ಆ ಉಂಗುರದ ಮೂಲಕವೇ ಎಲುಬಿಗೆ ಇಳಿಯಬೇಕು, ಆಚೀಚೆ ವಾಲಬಾರದು.

ಇಷ್ಟೊಂದು ತಯಾರಿ ಯಾಕೆ? ಕೆಳದವಡೆಯ ಎಲುಬಿನೊಳಗೆ ಒಂದು ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಜೋಮು ಹಿಡಿಯುತ್ತವೆ. ಕೆಲವರಿಗೆ ಅದು ವಾಸಿಯೇ ಆಗುವುದಿಲ್ಲ. ಮೇಲ್ದವಡೆಯಲ್ಲಿ ಸೈನಸ್ ಎಂಬ ಗಾಳಿಯ ಗೂಡು ಇದೆ. ಇವೆರಡೂ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕೊರೆಯುವ ಮುಂಚೆಯೇ ದಾರಿ ಗೊತ್ತಿರಬೇಕು.

ಮೊದಲು ಸಿಬಿಸಿಟಿ ಸ್ಕ್ಯಾನ್. ದವಡೆಯನ್ನು ಮೂರೂ ಕಡೆಯಿಂದ ಅಳೆಯುವ ಎಕ್ಸ್‌ರೇ ಇದು. ಓಲೆ, ಮೂಗುತಿ, ಹೇರ್‌ಪಿನ್ ತೆಗೆದಿಡಿ. ಮೇಲಿನ, ಕೆಳಗಿನ ಹಲ್ಲು ಒಂದಕ್ಕೊಂದು ತಾಗದಂತೆ ನಡುವೆ ಹತ್ತಿ ಇಟ್ಟಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ. ಯಂತ್ರ ಸುತ್ತುವ ಕೆಲವು ಸೆಕೆಂಡು ಅಲುಗಾಡಬೇಡಿ, ಉಗುಳೂ ನುಂಗಬೇಡಿ. ಅಲುಗಿದ ಸ್ಕ್ಯಾನ್ ಮೇಲೆ ಮಾಡಿದ ಗೈಡ್ ನೋಡಲು ಚೆಂದವೇ ಇರುತ್ತದೆ, ಆದರೆ ತಪ್ಪು ಜಾಗ ತೋರಿಸುತ್ತದೆ.

ಎರಡನೆಯದು ಹಲ್ಲು, ವಸಡಿನ ಅಳತೆ. ಪುಟ್ಟ ಕ್ಯಾಮೆರಾದಿಂದ ಬಾಯೊಳಗೇ ಸ್ಕ್ಯಾನ್ ಮಾಡಬಹುದು, ಇಲ್ಲವೇ ಅಚ್ಚು ತೆಗೆದು ಅದನ್ನು ಸ್ಕ್ಯಾನ್ ಮಾಡಬಹುದು. ಕಂಪ್ಯೂಟರ್‌ನಲ್ಲಿ ಎರಡೂ ಚಿತ್ರಗಳನ್ನು ಹಲ್ಲಿಗೆ ಹಲ್ಲು ಹೊಂದಿಸಿ ಒಂದು ಮಾಡುತ್ತೇವೆ. ಬಾಯಲ್ಲಿ ಲೋಹದ ಕ್ಯಾಪ್ ಜಾಸ್ತಿ ಇದ್ದರೆ ಸಿಬಿಸಿಟಿಯಲ್ಲಿ ಗೆರೆ ಗೆರೆ ಬಂದು ಈ ಕೆಲಸ ಕಷ್ಟವಾಗುತ್ತದೆ.

ಆಮೇಲೆ ಯೋಜನೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಎಲುಬು ಎಲ್ಲಿ ದಪ್ಪ ಇದೆಯೋ ಅಲ್ಲೇ ಸ್ಕ್ರೂ ಹಾಕೋಣ ಅಂತ ಹೊರಡಬಾರದು. ಮೊದಲು ಪರದೆಯ ಮೇಲೆ ಹಲ್ಲನ್ನು ಕೂರಿಸಬೇಕು. ಎದುರಿನ ಹಲ್ಲಿಗೆ ಅದು ಸರಿಯಾಗಿ ತಾಗುತ್ತದಾ, ಬ್ರಷ್ ಹೋಗಲು ಜಾಗ ಇದೆಯಾ ನೋಡಬೇಕು. ಆ ಹಲ್ಲಿನ ಕೆಳಗೆ ಬರುವಂತೆ ಇಂಪ್ಲಾಂಟ್ ಇಡಬೇಕು. ಎಲುಬು ಸಾಲದಿದ್ದರೆ ಅದನ್ನು ಬೆಳೆಸುವ ಮಾತು ಈಗಲೇ ಆಗಬೇಕು. ನರದಿಂದ ಕನಿಷ್ಠ 2 ಮಿ.ಮೀ., ಪಕ್ಕದ ಹಲ್ಲಿನ ಬೇರಿನಿಂದ 1.5 ಮಿ.ಮೀ., ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ. ಬಿಡುವುದು ರೂಢಿ. ಗೈಡ್ ಇದ್ದರೂ ಇಷ್ಟು ಜಾಗ ಬಿಡಲೇಬೇಕು. ಪ್ರಕಟವಾದ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಗೈಡ್ ಬಳಸಿಯೂ ಇಂಪ್ಲಾಂಟ್ ಯೋಜಿಸಿದ ಜಾಗದಿಂದ ಸರಾಸರಿ 1 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಸರಿದು, 3ರಿಂದ 4 ಡಿಗ್ರಿ ವಾಲಿದ್ದು ಕಂಡಿದೆ. ಈ ಯೋಜನೆಯನ್ನು ಪರದೆಯ ಮೇಲೆ ತೋರಿಸಿ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಯೋಜನೆ ಮುಗಿದ ಮೇಲೆ ತ್ರೀಡಿ ಪ್ರಿಂಟರ್ ರೆಸಿನ್ ಎಂಬ ದ್ರವ ಪ್ಲಾಸ್ಟಿಕ್‌ನಿಂದ ಗೈಡ್ ತಯಾರಿಸುತ್ತದೆ. ಅದನ್ನು ತೊಳೆದು, ಬೆಳಕಿನಲ್ಲಿ ಗಟ್ಟಿ ಮಾಡಿ, ಉಂಗುರ ಕೂರಿಸುತ್ತಾರೆ.

ಈಗ ನನ್ನದೇ ಒಂದು ಅನುಭವ. ಒಬ್ಬರಿಗೆ ಗೈಡ್ ಸಿದ್ಧವಾಗಿತ್ತು. ಬಾಯಿಗಿಟ್ಟರೆ ಅಲುಗಾಡುತ್ತಿದೆ! ಕೇಳಿದರೆ, ಅಳತೆ ಕೊಟ್ಟ ಮೇಲೆ ಬೇರೆ ಕಡೆ ಪಕ್ಕದ ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡಿದ್ದರು. ಇಂಜೆಕ್ಷನ್ ಕೊಟ್ಟಾಗಿತ್ತು, ಆದರೂ ಅವತ್ತು ಕೊರೆಯಲಿಲ್ಲ. ಹೊಸದಾಗಿ ಅಳತೆ ತೆಗೆದೆವು. ತಪ್ಪು ನನ್ನದೇ, ಮೊದಲೇ ಹೇಳಬೇಕಿತ್ತು. ಈಗ ಎಲ್ಲರಿಗೂ ಹೇಳುತ್ತೇನೆ: ಅಳತೆ ಕೊಟ್ಟ ಮೇಲೆ ಆಪರೇಷನ್ ಮುಗಿಯುವವರೆಗೆ ಬೇರೆ ಯಾವ ಹಲ್ಲಿನ ಕೆಲಸವೂ ಬೇಡ. ಇಂಜೆಕ್ಷನ್‌ಗೂ ಮುಂಚೆ ಗೈಡ್ ಇಟ್ಟು ನೋಡುತ್ತೇನೆ. ಹಲ್ಲಿನ ತುದಿ ಕಾಣಲೆಂದು ಗೈಡ್‌ನಲ್ಲಿ ಸಣ್ಣ ಕಿಟಕಿಗಳಿರುತ್ತವೆ. ಅಲ್ಲಿ ಹಲ್ಲಿಗೂ ಗೈಡ್‌ಗೂ ನಡುವೆ ಸಂದು ಕಂಡರೆ ಅದು ಕೂತಿಲ್ಲ ಎಂದರ್ಥ. ಹಲ್ಲೇ ಇಲ್ಲದವರಿಗೆ ಗೈಡ್ ವಸಡಿನ ಮೇಲೆ ಕೂರುತ್ತದೆ. ಅದು ಜಾರದಂತೆ ಎಲುಬಿಗೆ ಪಿನ್ ಹಾಕಿ ಹಿಡಿಸುತ್ತೇವೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಚನ್ನಗಿರಿ ಅಡಿಕೆ ನಾಡು. ಅಡಿಕೆ, ಗುಟ್ಕಾ ಅಗಿಯುವವರು ಜಾಸ್ತಿ. ವರ್ಷಗಟ್ಟಲೆ ಅಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯುವುದೇ ಇಲ್ಲ. ಗೈಡ್ ಮೇಲಿಂದ ಕೊರೆಯಲು ಉದ್ದನೆಯ ಡ್ರಿಲ್ ಬೇಕು, ಹಿಂದಿನ ದವಡೆ ಹಲ್ಲಿಗಂತೂ ಬಾಯಿ ದೊಡ್ಡದಾಗಿ ತೆರೆಯಬೇಕು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿಸಿ ನೋಡಿ. ಹೋಗದಿದ್ದರೆ ಮೊದಲ ದಿನವೇ ಹೇಳಿ, ಇಂಪ್ಲಾಂಟ್‌ಗಿಂತ ಮುಂಚೆ ಅದಕ್ಕೇ ಚಿಕಿತ್ಸೆ ಬೇಕು. ದಾವಣಗೆರೆಯ ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡರಲ್ಲೂ ಬಾಯಿ ತಪಾಸಣೆಗೆ ಪ್ರತ್ಯೇಕ ವಿಭಾಗವೇ ಇದೆ.

ಕೊರೆಯುವಾಗ ಎಲುಬು ಬಿಸಿಯಾಗಬಾರದು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ನಿಂತರೂ ಎಲುಬಿಗೆ ಹಾನಿ. ಗೈಡ್ ಅಡ್ಡ ಇರುವುದರಿಂದ ತಂಪು ಮಾಡಲು ಬಿಡುವ ನೀರು ಡ್ರಿಲ್ ತುದಿಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಸಲೈನ್ ಬಿಡುತ್ತಾ, ಡ್ರಿಲ್ಲನ್ನು ಆಗಾಗ ಮೇಲಕ್ಕೆತ್ತುತ್ತಾ ನಿಧಾನವಾಗಿ ಕೊರೆಯುತ್ತೇವೆ. ಸಣ್ಣ ಡ್ರಿಲ್‌ನಿಂದ ಶುರು ಮಾಡಿ ಒಂದೊಂದೇ ಅಳತೆ ದೊಡ್ಡದು. ನಡುವೆ ಗೈಡ್ ತೆಗೆದು ತೂತನ್ನು ಕಣ್ಣಾರೆ ನೋಡುತ್ತೇನೆ. ಇಂಪ್ಲಾಂಟ್ ಕೂತ ಮೇಲೆ ಮತ್ತೊಂದು ಎಕ್ಸ್‌ರೇ.

ಮನೆಗೆ ಹೋದ ಮೇಲೆ ಇಂಜೆಕ್ಷನ್‌ನಿಂದ ಬಂದ ತುಟಿಯ ಜೋಮು ಕೆಲವು ಗಂಟೆಗಳಲ್ಲಿ ಇಳಿಯಬೇಕು. ರಾತ್ರಿ ಮಲಗುವ ಹೊತ್ತಿಗೂ ಹಾಗೇ ಇದ್ದರೆ ‘ನಾಳೆ ನೋಡೋಣ’ ಅಂತ ಸುಮ್ನೆ ಇರಬೇಡಿ, ಆಗಲೇ ಫೋನ್ ಮಾಡಿ. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಒಂದೆರಡು ದಿನದೊಳಗೆ ತೆಗೆಯಬೇಕು. ತಡವಾದಷ್ಟೂ ನರ ಚೇತರಿಸಿಕೊಳ್ಳುವುದು ಕಷ್ಟ.